ಲಾಟಿನ ಕ್ವೆರಿ ಲಾಟಿನ ಫೈಲಿನಲ್ಲಿರಲಿ

ಬ್ಯಾಡಗಿಯ ದಲಾಲಿ ಅಂಗಡಿಯೊಂದಕ್ಕೆ ಪಿಎಚ್‌ಪಿ ಭಾಷೆ, ಮೈಎಸ್‌ಕ್ಯೂಎಲ್ ಡೇಟಾಬೇಸ್ ಬಳಸಿ ವೆಬ್ ಅಪ್ಲಿಕೇಶನ್ ಬರೆಯುತ್ತಿದ್ದೀರಿ ಎನ್ನಿ. ರೈತರು, ಮೆಣಸಿನಕಾಯಿ ಲಾಟು (ಒಟ್ಟಿಗೆ ಮಾರಾಟಕ್ಕಿಟ್ಟ ಚೀಲಗಳು), ತೂಕ, ಪಟ್ಟಿ (ರೈತನಿಗೆ ಕೊಡುವ ಮಾರಾಟದ ಲೆಕ್ಕದ ಚೀಟಿ), ಪಾವತಿ, ಇಷ್ಟೇ ವ್ಯವಹಾರ. ಮೊದಮೊದಲು ಆಯಾ ಪುಟದಲ್ಲೇ ಕ್ವೆರಿ (ಡೇಟಾಬೇಸಿಗೆ ಕೊಡುವ ಆಜ್ಞೆ) ಬರೆದರೂ ನಡೆಯುತ್ತದೆ. ಲಾಟಿನ ಟೇಬಲ್ಲಿಗೆ ‘ರದ್ದು’ ಎಂಬ ಕಾಲಂ ಸೇರಿಸಿದ ದಿನ ತೊಂದರೆ ಶುರು. ತಿದ್ದಬೇಕಾದ ಕಡೆ ಹನ್ನೊಂದು, ನೆನಪಾಗುವುದು ಹತ್ತು. ಮರೆತ ಆ ಒಂದು ಪುಟ ರದ್ದಾದ ಲಾಟಿನ ಚೀಲಗಳನ್ನೂ ಮೊತ್ತಕ್ಕೆ ಸೇರಿಸುತ್ತಲೇ ಇರುತ್ತದೆ.

ಕ್ವೆರಿಗಳನ್ನೆಲ್ಲ ಫಂಕ್ಷನ್ ಮಾಡಿ ಬೇರೆ ಫೋಲ್ಡರಿಗೆ ಸಾಗಿಸಿ. ಆದರೆ ಟೇಬಲ್ಲಿಗೊಂದು ಫೈಲು ಬೇಡ. ತೂಕಕ್ಕೆ ಬೇರೆ ಟೇಬಲ್ ಇದ್ದರೂ ಲಾಟನ್ನು ಬಿಟ್ಟು ತೂಕವನ್ನಷ್ಟೇ ಯಾರೂ ಕೇಳುವುದಿಲ್ಲ; ಅದು ಲಾಟಿನ ಫೈಲಿನಲ್ಲೇ ಇರಲಿ. ಎರಡು ಟೇಬಲ್ ಜೋಡಿಸುವ (ಜಾಯಿನ್) ಕ್ವೆರಿ ಯಾವ ಫೈಲಿಗೆ? ಅದು ಏನನ್ನು ಕೊಡುತ್ತದೋ ಅದರ ಫೈಲಿಗೆ. ‘ಈ ರೈತನ ಲಾಟುಗಳು’ ಎಂಬುದು ಲಾಟುಗಳನ್ನು ಕೊಡುತ್ತದೆ, ಹಾಗಾಗಿ ಲಾಟಿನ ಫೈಲಿಗೆ. ಟೇಬಲ್ ಹೆಸರು ಕೊಟ್ಟರೆ ಏನು ಬೇಕಾದರೂ ತರುವ ಸರ್ವಾಂತರ್ಯಾಮಿ ಫಂಕ್ಷನ್ ಬರೆಯುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಪ್ರಿಪೇರ್ಡ್ ಸ್ಟೇಟ್‌ಮೆಂಟಿನಲ್ಲಿ, ಅಂದರೆ ಖಾಲಿ ಜಾಗ ಬಿಟ್ಟು ಮೊದಲೇ ಸಿದ್ಧಮಾಡಿದ ಕ್ವೆರಿಯಲ್ಲಿ, ಮೌಲ್ಯಗಳನ್ನು (ವ್ಯಾಲ್ಯೂ) ಬೈಂಡ್ ಮಾಡಬಹುದು, ಟೇಬಲ್ ಹೆಸರನ್ನಲ್ಲ. ಅದನ್ನು ಸ್ಟ್ರಿಂಗ್‌ಗೆ ಅಂಟಿಸಿದಲ್ಲೇ ಇಂಜೆಕ್ಷನ್‌ಗೆ (ಹೊರಗಿನವರು ತಮ್ಮ ಆಜ್ಞೆ ತೂರಿಸುವುದಕ್ಕೆ) ಬಾಗಿಲು ತೆರೆಯುತ್ತದೆ.

ಡೇಟಾಬೇಸ್ ಕನೆಕ್ಷನ್ ತೆರೆಯುವುದು ಒಂದೇ ಫೈಲಿನಲ್ಲಿ; ಅಲ್ಲೇ ಕ್ಯಾರೆಕ್ಟರ್ ಸೆಟ್ (ಅಕ್ಷರಗಳನ್ನು ಉಳಿಸುವ ರೀತಿ) ಯುಟಿಎಫ್8ಎಂಬಿ4 ಎಂದು ಹಾಕಿ. ಪ್ರತಿ ಫಂಕ್ಷನ್ನಿಗೂ ಮೊದಲ ಆರ್ಗ್ಯುಮೆಂಟಾಗಿ ಆ ಕನೆಕ್ಷನ್ ಕೊಡಿ. ಒಳಗೆ ಪ್ರತಿಯೊಂದೂ ತನ್ನದೇ ಕನೆಕ್ಷನ್ ತೆರೆದರೆ ಎರಡು ಫಂಕ್ಷನ್ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ (ಆದರೆ ಎಲ್ಲವೂ ಆಗುವ, ಇಲ್ಲವಾದರೆ ಯಾವುದೂ ಆಗದ ಕ್ವೆರಿಗಳ ಕಟ್ಟು) ಸೇರುವುದೇ ಇಲ್ಲ.

ಹೆಚ್ಚು ಎಡವುವುದು ಇಲ್ಲೇ. ಪಟ್ಟಿ ಮಾಡುವಾಗ ಪಟ್ಟಿ ಸೇರಬೇಕು, ಲಾಟು ‘ಮಾರಾಟ’ ಎಂದಾಗಬೇಕು. ಎರಡೂ ಫಂಕ್ಷನ್ ತಮ್ಮೊಳಗೇ ಬಿಗಿನ್ (ಟ್ರಾನ್ಸಾಕ್ಷನ್ ಆರಂಭ), ಕಮಿಟ್ (ಬದಲಾವಣೆ ಖಾಯಂ) ಮಾಡಿದರೆ, ನಡುವೆ ಎಡವಟ್ಟಾದಾಗ ರೈತನ ಕೈಗೆ ಪಟ್ಟಿ ಹೋಗಿರುತ್ತದೆ, ಲಾಟು ಮಾತ್ರ ಇನ್ನೂ ಬಾಕಿ ತೋರಿಸುತ್ತದೆ. ಹೊರಗೊಂದು ಬಿಗಿನ್ ಸುತ್ತಿದರೆ, ಒಳಗಿನ ಬಿಗಿನ್ ಬಂದೊಡನೆ ಪಿಡಿಒ (ಪಿಎಚ್‌ಪಿಯನ್ನು ಡೇಟಾಬೇಸಿಗೆ ಜೋಡಿಸುವ ಸೌಲಭ್ಯ) ‘ದೇರ್ ಈಸ್ ಆಲ್ರೆಡಿ ಆ್ಯನ್ ಆ್ಯಕ್ಟಿವ್ ಟ್ರಾನ್ಸಾಕ್ಷನ್’ ಎಂದು ಎಕ್ಸೆಪ್ಷನ್ ಎಸೆಯುತ್ತದೆ. ಆದ್ದರಿಂದ ಲಾಟ್, ಪಟ್ಟಿ ಫೈಲುಗಳ ಫಂಕ್ಷನ್‌ಗಳು ಬರೀ ಕ್ವೆರಿ ಓಡಿಸಲಿ. ಬಿಗಿನ್, ಕಮಿಟ್, ರೋಲ್‌ಬ್ಯಾಕ್ (ಮಾಡಿದ್ದನ್ನು ಹಿಂದಕ್ಕೆ ತೆಗೆಯುವುದು) ಮೂರೂ ಅವನ್ನು ಕರೆಯುವ ‘ಪಟ್ಟಿ ಮುಗಿಸು’ ಫಂಕ್ಷನ್ನಿನಲ್ಲಿರಲಿ; ಅದಕ್ಕೆ ಬೇರೆ ಫೈಲು. ಇಷ್ಟಾದರೂ ರೋಲ್‌ಬ್ಯಾಕ್ ಕೆಲಸ ಮಾಡದಿದ್ದರೆ ಟೇಬಲ್ಲಿನ ಎಂಜಿನ್ (ಡೇಟಾ ಉಳಿಸುವ ವ್ಯವಸ್ಥೆ) ನೋಡಿ. 5.5ಕ್ಕಿಂತ ಹಿಂದಿನ ಮೈಎಸ್‌ಕ್ಯೂಎಲ್‌ನಲ್ಲಿ ಹುಟ್ಟಿದ ಟೇಬಲ್ಲುಗಳು ಮೈಐಸ್ಯಾಮ್ ಆಗಿ ಉಳಿದಿರುವುದುಂಟು. ಅದಕ್ಕೆ ಟ್ರಾನ್ಸಾಕ್ಷನ್ ಗೊತ್ತಿಲ್ಲ, ದೂರನ್ನೂ ಹೇಳುವುದಿಲ್ಲ. ಟ್ರಾನ್ಸಾಕ್ಷನ್ ಗೊತ್ತಿರುವ ಇನ್ನೋಡಿಬಿ ಎಂಜಿನ್‌ಗೆ ಬದಲಿಸಿ.