ಬ್ರೂಟಸ್ ಹೇಳಿದ್ದು 'ಆಗಬಹುದು' ಅಂತ

ಪ್ರಿಪರೇಟರಿ ಪರೀಕ್ಷೆಗೆ ಮುಂಚೆ ಹತ್ತನೇ ಕ್ಲಾಸಿಗೆ ಶೇಕ್ಸ್‌ಪಿಯರನ ನಾಟಕ 'ಜೂಲಿಯಸ್ ಸೀಸರ್' ರಿವಿಷನ್ ಶುರು ಮಾಡಿದಾಗಲೆಲ್ಲ ನಾನು ಕೇಳುವ ಮೊದಲ ಪ್ರಶ್ನೆ ಒಂದೇ. ರೋಮಿನ ಅಧಿಪತಿ ಸೀಸರನನ್ನು ಅವನ ಗೆಳೆಯ ಬ್ರೂಟಸ್ ಯಾಕೆ ಕೊಂದ? ಪ್ರತಿ ವರ್ಷ ಬರುವ ಉತ್ತರವೂ ಒಂದೇ. 'ಸೀಸರ್ ಸರ್ವಾಧಿಕಾರಿಯಾಗಿ ಜನರನ್ನು ತುಳಿಯುತ್ತಿದ್ದ, ಅದಕ್ಕೆ.' ಇನ್ನು ಕೆಲವರು 'ಕಿಟಕಿಯಲ್ಲಿ ಎಸೆದ ಸುಳ್ಳು ಪತ್ರ ಓದಿ ಮೋಸಹೋದ' ಎಂದು ಬರೆಯುತ್ತಾರೆ. ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ವಿದ್ಯಾನಗರದಿಂದ ಎಂ.ಸಿ.ಸಿ. ಬ್ಲಾಕ್ ತನಕ ದಾವಣಗೆರೆಯ ಟ್ಯೂಷನ್ ನೋಟ್ಸಿನಲ್ಲೆಲ್ಲ ಇದೇ ಎರಡು ಸಾಲು ಓಡಾಡುತ್ತಿವೆ.

ಪುಸ್ತಕ ತೆಗೆದು ಎರಡನೇ ಅಂಕದ ಮೊದಲ ದೃಶ್ಯ ನೋಡಿ. ರಾತ್ರಿ, ತೋಟ, ಬ್ರೂಟಸ್ ಒಬ್ಬನೇ ಇದ್ದಾನೆ. ಅವನ ಸ್ವಗತದ ಮೊದಲ ಮಾತೇ 'ಅವನು ಸಾಯಲೇಬೇಕು' ಅನ್ನುವಂಥದ್ದು. ಆಮೇಲೆ ಕಾರಣ ಹುಡುಕುತ್ತಾನೆ. ನನಗೆ ಅವನ ಮೇಲೆ ಸ್ವಂತ ದ್ವೇಷವಿಲ್ಲ ಅಂತಾನೆ. ಸೀಸರನ ಮನಸ್ಸಿನ ಆಸೆ ಅವನ ಬುದ್ಧಿಯನ್ನು ಮೀರಿದ್ದನ್ನು ನಾನು ಕಂಡೇ ಇಲ್ಲ ಅಂತಲೂ ಅವನೇ ಒಪ್ಪಿಕೊಳ್ಳುತ್ತಾನೆ! ಹಾಗಾದರೆ ತಪ್ಪೇನು? ಕಿರೀಟ ಇಟ್ಟರೆ ಸ್ವಭಾವ ಬದಲಾಗಬಹುದು, ಅಷ್ಟೆ. ಇಂಗ್ಲಿಷಿನಲ್ಲಿ ಅವನು ಬಳಸುವುದು 'ಮೈಟ್', 'ಮೇ'. 'ಸೋ ಸೀಸರ್ ಮೇ. ದೆನ್, ಲೆಸ್ಟ್ ಹಿ ಮೇ, ಪ್ರಿವೆಂಟ್.' ಆಗಬಹುದು, ಆಗದ ಹಾಗೆ ಈಗಲೇ ತಡೆ.

ಈ 'ಬಹುದು' ಬಿಟ್ಟು ಬರೆದರೆ ನಾಟಕವೇ ಬಿದ್ದುಹೋಯಿತು. ಇದನ್ನು ಮೂರು ಸಲ, ನಾಲ್ಕು ಸಲ ಹೇಳುತ್ತೇನೆ, ಮಕ್ಕಳಿಗೆ ಬೇಜಾರಾದರೂ ಪರವಾಗಿಲ್ಲ. ಸೀಸರ್ 'ಮಾಡಿದ' ಅಂತ ಬರೆದರೆ ಬ್ರೂಟಸ್ ನ್ಯಾಯಾಧೀಶನಾಗುತ್ತಾನೆ. 'ಮಾಡಬಹುದು' ಅಂತ ಬರೆದರೆ ಅವನು ಒಂದು ಊಹೆಯ ಮೇಲೆ ಗೆಳೆಯನನ್ನು ಕೊಂದವನು. ಎಂಟನೇ ಕ್ಲಾಸಿನಲ್ಲಿ 'ಮೇ', 'ಮೈಟ್' ಎಲ್ಲ ಗ್ರಾಮರ್ ಅಂತ ಬಾಯಿಪಾಠ ಮಾಡಿಸುತ್ತೇವೆ, ಅದು ಬಳಕೆಗೆ ಬರುವ ಜಾಗ ಇದು. ಇನ್ನು ಆ ಪತ್ರ. ಆಳು ಹುಡುಗ ಲೂಸಿಯಸ್ ಅದನ್ನು ತಂದುಕೊಡುವುದು ಈ ಮಾತೆಲ್ಲ ಮುಗಿದ ಮೇಲೆ. ಸಂಚು ಹೂಡಿ ಆ ಪತ್ರ ಎಸೆಸಿದ ಕ್ಯಾಸಿಯಸ್ ಮೊದಲೇ ಕಿವಿ ಕಚ್ಚಿದ್ದು ನಿಜ, ಆದರೆ ಪತ್ರ ಓದುವ ಹೊತ್ತಿಗೆ ತೀರ್ಮಾನ ಆಗಿಹೋಗಿತ್ತು.

ಸೀಸರ್ ಒಳ್ಳೆಯವನು ಅಂತ ನಾನು ಹೇಳುತ್ತಿಲ್ಲ. ಸಾಯುವ ಮುಂಚೆ ತನ್ನನ್ನು ಧ್ರುವ ನಕ್ಷತ್ರಕ್ಕೆ ಹೋಲಿಸಿಕೊಂಡ ಮನುಷ್ಯ ಅವನು. ಅದೇ ಸೀಸರ್ ಕಿರೀಟವನ್ನು ಮೂರು ಸಲ ಬೇಡ ಅಂದ ಎಂದು ಮುಂದೆ ಸಂಚಿಗೆ ಸೇರುವ ಕ್ಯಾಸ್ಕಾ ಬ್ರೂಟಸ್‌ನ ಮುಂದೆಯೇ ಹೇಳುತ್ತಾನೆ. ಯಾವ ಪಕ್ಷ ಹಿಡಿದು ಬರೆದರೂ ಸಾಮಾನ್ಯವಾಗಿ ಮಾರ್ಕು ಬರುತ್ತದೆ, ಸಾಲು ತೋರಿಸಿದರೆ ಸಾಕು. ಸುಮ್ನೆ ಕಥೆ ಬರೆದು ಪುಟ ತುಂಬಿಸಬೇಡಿ, ಕಥೆ ಎಲ್ಲರಿಗೂ ಗೊತ್ತಿರುವುದೇ. ಬಯಲಾಟಕ್ಕೆ ಬೆಳಗಿನ ತನಕ ಕೂರುವ ನಮ್ಮ ಜನಕ್ಕೆ ದುರ್ಯೋಧನ ಸಾಯುತ್ತಾನೆ ಅಂತ ಗೊತ್ತಿರುವುದಿಲ್ಲವಾ? 1599ರ ಲಂಡನ್ನಿನಲ್ಲಿ ಈ ನಾಟಕ ನೋಡಿದವರಿಗೂ ಸೀಸರ್ ಉಳಿಯಲ್ಲ ಅಂತ ಗೊತ್ತಿತ್ತು.

ಕಳೆದ ವರ್ಷ ಜಗಳೂರು ಕಡೆಯ ಒಬ್ಬ ಹುಡುಗ ಇದ್ದ. ಕೊನೆಯ ಬೆಂಚು, ಇಂಗ್ಲಿಷ್ ಅಂದರೆ ತಲೆ ಕೆಳಗೆ. ಬ್ರೂಟಸ್ ಸೀಸರನನ್ನು ಹಾವಿನ ಮೊಟ್ಟೆಗೆ ಹೋಲಿಸುತ್ತಾನಲ್ಲ, ಒಡೆದು ಮರಿಯಾದರೆ ಕಚ್ಚುತ್ತದೆ, ಚಿಪ್ಪಿನಲ್ಲೇ ಕೊಂದುಬಿಡೋಣ ಅಂತ, ಆ ಸಾಲು ಓದುವಾಗ ತಾನಾಗೇ ಎದ್ದು ನಿಂತ. "ಮಿಸ್, ಮೊಟ್ಟೆ ನೋಡಿದ್ರೆ ಯಾವ ಹಾವಿಂದು ಅಂತ ಹೆಂಗ್ ಗೊತ್ತಾಗುತ್ತೆ?"

ಅವನ ಮನೆಯ ಬಣವೆಯ ಬುಡದಲ್ಲಿ ಒಮ್ಮೆ ಎಂಟು-ಹತ್ತು ಮೊಟ್ಟೆ ಸಿಕ್ಕವಂತೆ. ಬಿಳಿ, ಉದ್ದುದ್ದ, ಮುಟ್ಟಿದರೆ ತೊಗಲಿನ ಹಾಗೆ ಮೆತ್ತಗೆ. ಅಪ್ಪ ನಾಗರಹಾವಿನದೇ ಅಂತ ಗುದ್ದಲಿಯಲ್ಲಿ ಎಲ್ಲ ಒಡೆದರು. ಆಮೇಲೆ ಅದೇ ಬಣವೆಯಲ್ಲಿ ಕೇರೆಹಾವು ಓಡಾಡುವುದನ್ನು ಅಜ್ಜಿ ನೋಡಿದರು. ಅದನ್ನೂ ಹೊಡೆದದ್ದಾಯಿತು. ಆ ವರ್ಷ ಮೆಕ್ಕೆಜೋಳದ ಚೀಲಗಳಿಗೆ ಇಲಿ ಬಿದ್ದವು. "ಅಜ್ಜಿ ಈಗಲೂ ಅಪ್ಪಂಗೆ ಬೈತಾರೆ ಮಿಸ್."

ನಾನು ಏನೂ ಹೇಳದೆ ನಾಲ್ಕನೇ ಅಂಕ ತೆರೆಸಿದೆ. ಬ್ರೂಟಸ್‌ನ ಡೇರೆಗೆ ರೋಮಿನ ಸುದ್ದಿ ಬರುವ ಜಾಗ. ಸೀಸರ್ ಸತ್ತ ಮೇಲೆ ಅಧಿಕಾರ ಹಿಡಿದ ಆಂಟನಿ, ಆಕ್ಟೇವಿಯಸ್, ಲೆಪಿಡಸ್ ಸೇರಿ ನೂರು ಸೆನೆಟರ್‌ಗಳನ್ನು ಕೊಲ್ಲಿಸಿದ್ದಾರೆ ಅಂತ ಒಂದು ಪತ್ರ, ಎಪ್ಪತ್ತು ಅಂತ ಇನ್ನೊಂದು. ಸತ್ತವರಲ್ಲಿ ಹೆಸರಾಂತ ವಾಗ್ಮಿ ಸಿಸೆರೊ ಕೂಡ. ಹುಡುಗ ಆ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದ. "ಇಲಿ," ಅಂದ.

ಮುಂದಿನ ಬೆಂಚಿನ ಹುಡುಗಿ ಬಿಡಲಿಲ್ಲ. "ಅದು ನಿಜವಾಗಲೂ ನಾಗರಹಾವಿಂದೇ ಆಗಿದ್ರೆ? ಮರಿ ಹೊರಗೆ ಬರೋ ತನಕ ಕಾಯ್ಬೇಕಿತ್ತಾ?" ಅಂದಳು. ಅದಕ್ಕೆ ಇಬ್ಬರು ಹೌದು ಅಂದರು, ನಾಲ್ವರು ಇಲ್ಲ ಅಂದರು, ಎಲ್ಲರೂ ಪುಸ್ತಕದಲ್ಲಿ ಸಾಲು ಹುಡುಕತೊಡಗಿದರು. ಮುಂದಿನ ಪೀರಿಯಡ್ಡೂ ನಾನೇ ಕೇಳಿ ತೆಗೆದುಕೊಂಡೆ. ಐದನೇ ಅಂಕದ ರಿವಿಷನ್ ಸೋಮವಾರಕ್ಕೆ ಹೋಯಿತು.