ನೈಟ್ ಡ್ಯೂಟಿ ಮುಗಿಸಿ ಕ್ಲಾಸಿಗೆ ಬನ್ನಿ ಅಂದರೆ?

‘ಈ ಸಿಸ್ಟರ್‌ಗಳಿಗೆ ಹೊಸದು ಕಲಿಯುವ ಆಸಕ್ತಿಯೇ ಇಲ್ಲ.’ ಆಸ್ಪತ್ರೆಯ ನರ್ಸುಗಳ ಬಗ್ಗೆ ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ.

ಕಲಿಕೆ ಬೇಕು, ಅದರಲ್ಲಿ ಅನುಮಾನವಿಲ್ಲ. ಹೃದಯ ನಿಂತವರಿಗೆ ಮೊದಲು ಬಾಯಿ ತೆರೆದು ಉಸಿರು ಕೊಡಿ, ಆಮೇಲೆ ಎದೆ ಒತ್ತಿ ಎಂದು ಹಿಂದೆ ಕಲಿಸುತ್ತಿದ್ದರು. 2010ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಈ ಕ್ರಮವನ್ನೇ ತಿರುಗಿಸಿತು. ಈಗ ಮೊದಲು ಎದೆ ಒತ್ತಬೇಕು, ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ. ಅಭ್ಯಾಸ ಬಿಟ್ಟರೆ ಈ ಹದ ಕೆಲವೇ ತಿಂಗಳಲ್ಲಿ ಕೈತಪ್ಪುತ್ತದೆ.

ನೋಂದಣಿ ನವೀಕರಣಕ್ಕೆ 5 ವರ್ಷದಲ್ಲಿ 150 ಗಂಟೆ ಕಲಿಕೆ ಎನ್ನುತ್ತದೆ ಭಾರತೀಯ ನರ್ಸಿಂಗ್ ಕೌನ್ಸಿಲ್. ವರ್ಷಕ್ಕೆ 30 ಗಂಟೆ, ಅಷ್ಟೇ ಅಲ್ವಾ? ಆದರೆ ಯಾರ ಗಂಟೆ?

ಕಾಸರಗೋಡು ಜಿಲ್ಲೆಯ ಉಪ್ಪಳದಿಂದ ಮಂಗಳೂರಿನ ಆಸ್ಪತ್ರೆಗೆ ಹೋಗಿಬರುವ ಸಿಸ್ಟರನ್ನು ನೆನೆಯಿರಿ. ಬೆಳಿಗ್ಗೆ ಮುಂದಿನ ಪಾಳಿಯವರಿಗೆ ಹ್ಯಾಂಡೋವರ್ ಕೊಟ್ಟು, ಗಡಿಯ ತಲಪಾಡಿ ದಾಟಿ ಮನೆ ಸೇರುವಾಗ ಬಿಸಿಲೇರಿರುತ್ತದೆ. ನಾವು ಕಲಿತದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳುವುದು ಗಾಢ ನಿದ್ದೆಯಲ್ಲಿ. ಹಿಪೊಕ್ಯಾಂಪಸ್ ಎಂಬ ಭಾಗ ದಿನದ ಪಾಠವನ್ನು ಮತ್ತೆ ಮತ್ತೆ ಓಡಿಸಿ ಹೊರಪದರಕ್ಕೆ ದಾಟಿಸುತ್ತದೆ. ಬೆಳಕು ನಿದ್ದೆಗೆ ನೆರವಾಗುವ ಮೆಲಟೋನಿನ್ ಹಾರ್ಮೋನನ್ನು ತಗ್ಗಿಸುತ್ತದೆ, ದೇಹದ ಗಡಿಯಾರ ‘ಏಳು’ ಅನ್ನುತ್ತಿರುತ್ತದೆ. ಹಾಗಾಗಿ ಹಗಲಿನ ನಿದ್ದೆ ಗಿಡ್ಡ. ಅದರ ನಡುವೆ ಮಿಕ್ಸಿ, ಮೀನಿನವನ ಕೂಗು, ಶಾಲೆಯಿಂದ ಬರುವ ಮಗು. ಅಂಥ ‘ಆಫ್’ ದಿನವೇ ಮಧ್ಯಾಹ್ನ ತರಬೇತಿ! ಗಂಡಸು ನರ್ಸಿಗೂ ನೈಟ್ ಇದೆ. ಆದರೆ ಬಹಳಷ್ಟು ಮನೆಗಳಲ್ಲಿ ಅವರಿಗೆ ಊಟ ಬಡಿಸಿಟ್ಟಿರುತ್ತದೆ.

ನರ್ಸುಗಳು ತರಬೇತಿಗೆ ಬರಲಾಗದ್ದಕ್ಕೆ ಹಲವು ದೇಶಗಳ ಅಧ್ಯಯನಗಳಲ್ಲೂ ಇಂಥದೇ ಕಾರಣಗಳು ಕಾಣುತ್ತವೆ: ಸಿಬ್ಬಂದಿ ಕೊರತೆ, ರಜೆ ಸಿಗದಿರುವುದು, ಮನೆಗೆಲಸ, ಖರ್ಚು, ಮೇಲಿನವರ ಬೆಂಬಲ ಇಲ್ಲದಿರುವುದು. ನಮ್ಮ ಕಾಸರಗೋಡಿನಲ್ಲಿ ಭಾಷೆಯನ್ನೂ ಸೇರಿಸಬೇಕು. 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದು, ಆಮೇಲೆ ಕೇರಳಕ್ಕೆ ಸೇರಿದ ಊರು ಇದು. ಕ್ಲಾಸು ಪೂರ್ತಿ ಮಲಯಾಳದಲ್ಲೇ ನಡೆದರೆ, ಕನ್ನಡ ಮಾಧ್ಯಮದವರು ಸುಮ್ನೆ ಹಿಂದಿನ ಸಾಲಲ್ಲಿ ಕೂತು ಬರಬಹುದು.

ಕೆಲವು ತಿಂಗಳಿಗೊಮ್ಮೆ ವಾರ್ಡಿನಲ್ಲೇ ಬೊಂಬೆಯ ಮೇಲೆ ಕೆಲವೇ ನಿಮಿಷ ಎದೆ ಒತ್ತುವ ಅಭ್ಯಾಸ ಮಾಡಿಸಿದರೆ ಕೈಹದ ಉಳಿಯುತ್ತದೆ. ಅದನ್ನು ಡ್ಯೂಟಿ ಪಟ್ಟಿಯಲ್ಲೇ ಬರೆಯಬೇಕು, ಬದಲಿಗೆ ಒಬ್ಬರನ್ನೂ ಹಾಕಬೇಕು. ಬದಲಿ ಇಲ್ಲದಿದ್ದರೆ ಉಳಿದಿಬ್ಬರ ಮೇಲೆ ಮೂವರ ಕೆಲಸ ಬೀಳುತ್ತದೆ. ಮುಂದಿನ ಸಲ ಕರೆದಾಗ ಹೋಗಲು ಸಿಸ್ಟರಿಗೇ ಮುಜುಗರ.