ಗಡಿ ದಾಟಿದ ಗಣಿ: ದುರಾಸೆ ಮತ್ತು ಆಕಾಂಕ್ಷೆಯ ಬಗ್ಗೆ ಒಂದು ಅಧ್ಯಯನ ಟಿಪ್ಪಣಿ

ನೀತಿಶಾಸ್ತ್ರ ಪತ್ರಿಕೆಗೆ ಓದುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ 2013ರಿಂದ ಈ ಪತ್ರಿಕೆ ಇದೆ, 250 ಅಂಕ. ಕೆಎಎಸ್‌ಗೆ ಓದುವವರಿಗೂ ಇದೇ ವಿಷಯ ಬರುತ್ತದೆ. ದುರಾಸೆ ಎಂದರೇನು, ಆರೋಗ್ಯಕರ ಆಕಾಂಕ್ಷೆಗೂ ಅದಕ್ಕೂ ಏನು ವ್ಯತ್ಯಾಸ ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಬರೆಯುವ ಉತ್ತರ ಒಂದೇ: ಮಿತಿಯಲ್ಲಿ ಬಯಸಿದರೆ ಆಕಾಂಕ್ಷೆ, ಮಿತಿ ಮೀರಿ ಬಯಸಿದರೆ ದುರಾಸೆ. ಕೆಳಗೆ ‘ಅತಿ ಆಸೆ ಗತಿಗೇಡು’ ಅಂತ ಗಾದೆ ಸೇರಿಸುತ್ತೇವೆ.

ಈ ಉತ್ತರ ನನಗೆ ಒಪ್ಪಿಗೆಯಾಗುವುದಿಲ್ಲ. ಎಷ್ಟು ಬಯಸಿದರೆ ಜಾಸ್ತಿ ಅಂತ ಹೇಳುವವರು ಯಾರು? ಕೂಲಿ ಮಾಡುವವರ ಮನೆಯ ಹುಡುಗಿ ಐಎಎಸ್ ಮಾಡ್ತೀನಿ ಅಂದರೆ, ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಅಂತ ಬುದ್ಧಿ ಹೇಳುವವರು ಊರ ತುಂಬಾ ಇರುತ್ತಾರೆ. ಅವಳು ಬಯಸಿದ್ದು ದೊಡ್ಡದು ನಿಜ. ಅದರಲ್ಲಿ ದುರಾಸೆ ಎಲ್ಲಿದೆ? ಇನ್ನೊಂದು ಕಡೆ, ತೂಕದಲ್ಲಿ ಐವತ್ತು ಗ್ರಾಂ ಕದಿಯುವ ಅಂಗಡಿಯವನು ಬಯಸಿದ್ದು ತೀರಾ ಚಿಕ್ಕದು. ಆದರೂ ಅದು ದುರಾಸೆಯೇ. ಬಯಕೆಯ ಗಾತ್ರ ನೋಡಿದರೆ ಈ ಇಬ್ಬರಲ್ಲೂ ನಮ್ಮ ತೀರ್ಪು ತಪ್ಪಾಗುತ್ತದೆ.

ಹಾಗಾದರೆ ಏನು ನೋಡಬೇಕು? ಬಯಕೆಗೆ ಅಡ್ಡವಾಗಿ ಒಂದು ಗಡಿ ಬಂದಾಗ ಮನುಷ್ಯ ಏನು ಮಾಡುತ್ತಾನೆ ಎಂಬುದನ್ನು ನೋಡಬೇಕು ಎಂದು ನಾನು ಹೇಳುತ್ತೇನೆ. ಅದರ ಜೊತೆಗೇ ಕೇಳಬೇಕಾದ ಇನ್ನೊಂದು ಪ್ರಶ್ನೆ: ಅವನ ಲಾಭದ ಬೆಲೆಯನ್ನು ಯಾರು ಕೊಡುತ್ತಿದ್ದಾರೆ? ಇದನ್ನು ಅರ್ಥ ಮಾಡಿಕೊಳ್ಳಲು ಬಳ್ಳಾರಿಯ ಕಬ್ಬಿಣದ ಅದಿರಿನ ಕಥೆಗಿಂತ ಒಳ್ಳೆಯ ಉದಾಹರಣೆ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಇಲ್ಲಿ ಗಡಿ ಎಂಬ ಮಾತು ಅಕ್ಷರಶಃ ನಿಜ.

ಬಳ್ಳಾರಿಯಲ್ಲಿ ಆಗಿದ್ದೇನು

ಬಳ್ಳಾರಿ, ಹೊಸಪೇಟೆ, ಸಂಡೂರು ಬೆಟ್ಟಗಳಲ್ಲಿ ಅದಿರು ತೆಗೆಯುವುದು ಹೊಸದಲ್ಲ. ದೋಣಿಮಲೈಯಲ್ಲಿ ಸರ್ಕಾರಿ ಸ್ವಾಮ್ಯದ ಎನ್‌ಎಂಡಿಸಿ 1970ರ ದಶಕದಿಂದಲೇ ಗಣಿ ನಡೆಸುತ್ತಿದೆ. ಖಾಸಗಿ ಗಣಿಗಳು ಅದಕ್ಕೂ ಹಿಂದಿನಿಂದ ಇದ್ದವು. ತುಂಬಾ ವರ್ಷ ಅದಿರಿಗೆ ಅಂಥ ಬೆಲೆ ಇರಲಿಲ್ಲ. 2003ರ ಸುಮಾರಿಗೆ ಎರಡು ಸಂಗತಿ ಒಟ್ಟಿಗೆ ನಡೆದವು. ಚೀನಾದಲ್ಲಿ ಉಕ್ಕಿನ ಬೇಡಿಕೆ ಏರಿತು. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ನಡೆಯುತ್ತಿದ್ದ ಕಟ್ಟಡ ಕೆಲಸವೂ ಅದಕ್ಕೆ ಸೇರಿತು. ಇತ್ತ ರಾಜ್ಯ ಸರ್ಕಾರ ತನಗೆಂದು ಕಾದಿರಿಸಿದ್ದ ಗಣಿ ಪ್ರದೇಶವನ್ನು ಖಾಸಗಿಯವರಿಗೆ ತೆರೆಯಿತು.

ಇಲ್ಲಿಯ ಲೆಕ್ಕವನ್ನು ಗಮನವಿಟ್ಟು ನೋಡಿ. 2009ರವರೆಗೆ ಅದಿರಿನ ಮೇಲಿನ ರಾಜಧನವನ್ನು, ಅಂದರೆ ಅದಿರು ತೆಗೆದವರು ಸರ್ಕಾರಕ್ಕೆ ಕೊಡಬೇಕಾದ ಪಾಲನ್ನು, ಟನ್‌ಗೆ ಇಷ್ಟು ಎಂದು ನಿಗದಿ ಮಾಡಲಾಗಿತ್ತು. ಅತ್ಯುತ್ತಮ ದರ್ಜೆಯ ಗಟ್ಟಿ ಅದಿರಿಗೂ ಅದು 27 ರೂಪಾಯಿ ಮಾತ್ರ. ಅದೇ ಒಂದು ಟನ್ ಹೊರದೇಶದಲ್ಲಿ ಸಾವಿರಾರು ರೂಪಾಯಿಗೆ ಮಾರಾಟವಾಗುತ್ತಿತ್ತು. ಬೆಟ್ಟ ಜನರದು, ಆದರೆ ಏರಿದ ಬೆಲೆಯಲ್ಲಿ ಜನರ ಪಾಲು ಏರಲಿಲ್ಲ. 2009ರ ಆಗಸ್ಟ್‌ನಲ್ಲಿ ಇದನ್ನು ಬದಲಿಸಿ, ಬೆಲೆಯ ಶೇ 10ರಷ್ಟು ಎಂದು ಮಾಡಿದರು. ಅಷ್ಟರಲ್ಲಿ ಸುಗ್ಗಿಯ ಹಲವು ವರ್ಷ ಕಳೆದಿತ್ತು.

ಇಷ್ಟರವರೆಗೆ ಯಾರನ್ನೂ ದುರಾಸೆಯವರು ಎನ್ನಲು ಆಗುವುದಿಲ್ಲ. ಬೆಲೆ ಏರಿದಾಗ ಹೆಚ್ಚು ಅದಿರು ಮಾರಬೇಕು ಅನ್ನುವುದು ವ್ಯಾಪಾರ. ಹೊಸ ಯಂತ್ರ ತರುವುದು, ಹೊಸ ಗುತ್ತಿಗೆಗೆ ಅರ್ಜಿ ಹಾಕುವುದು, ಲಾರಿ ಕೊಳ್ಳುವುದು ಎಲ್ಲವೂ ಆಕಾಂಕ್ಷೆಯೇ. ಕಥೆ ತಿರುಗುವುದು ಆಮೇಲೆ. ಗುತ್ತಿಗೆ ಪಡೆದ ಜಾಗದ ಗಡಿ ದಾಟಿ ಅರಣ್ಯದಲ್ಲಿ ಅಗೆಯಲು ಶುರು ಮಾಡಿದರು. ಪರ್ಮಿಟ್‌ನಲ್ಲಿ ಬರೆದ ತೂಕಕ್ಕಿಂತ ಜಾಸ್ತಿ ಅದಿರನ್ನು ಲಾರಿಗೆ ತುಂಬಿದರು. ಪರ್ಮಿಟ್ ಇಲ್ಲದೆಯೂ ಲಾರಿಗಳು ಓಡಿದವು. ದಾರಿಯಲ್ಲಿ ಯಾರೂ ತಡೆಯದಂತೆ ಹಣ ಕೊಟ್ಟು ಸಾಗಿಸುವ ಏರ್ಪಾಟಿಗೆ ‘ಜೀರೋ ರಿಸ್ಕ್’ ಎಂಬ ಹೆಸರೇ ಇತ್ತು. ಕರ್ನಾಟಕ ಮತ್ತು ಆಂಧ್ರದ ನಡುವಿನ ಗಡಿ ಗುರುತುಗಳೂ ಅಳಿದವು. ಕೊನೆಗೆ ಸರ್ವೇ ಆಫ್ ಇಂಡಿಯಾದವರು ಬಂದು ಎರಡು ರಾಜ್ಯಗಳ ಗಡಿಯನ್ನು ಮತ್ತೆ ಅಳೆಯಬೇಕಾಯಿತು. ಆ ಗಡಿಯಲ್ಲಿದ್ದ ಸುಗ್ಗಲಮ್ಮನ ಹಳೆಯ ಗುಡಿಯನ್ನು 2006ರಲ್ಲಿ ಸ್ಫೋಟಿಸಿ ಕೆಡವಿದರು.

ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರು ಇದರ ಬಗ್ಗೆ ಎರಡು ವರದಿ ಕೊಟ್ಟರು. ಮೊದಲನೆಯದು 2008ರ ಡಿಸೆಂಬರ್‌ನಲ್ಲಿ, ಎರಡನೆಯದು 2011ರ ಜುಲೈನಲ್ಲಿ. ಅರಣ್ಯಾಧಿಕಾರಿ ಯು.ವಿ. ಸಿಂಗ್ ಮತ್ತು ಅವರ ತಂಡ ಗಣಿ ಗಣಿಗೂ ಹೋಗಿ, ಕಡತ ತೆರೆದು, ಲೆಕ್ಕ ತಾಳೆ ನೋಡಿತ್ತು. 2006ರಿಂದ 2010ರವರೆಗೆ ಬೊಕ್ಕಸಕ್ಕಾದ ನಷ್ಟ 16,085 ಕೋಟಿ ರೂಪಾಯಿ ಎಂದು ಎರಡನೇ ವರದಿ ಅಂದಾಜು ಮಾಡಿತು. ಈ ನಡುವೆ 2010ರಲ್ಲಿ ಉತ್ತರ ಕನ್ನಡದ ಬೇಲೆಕೇರಿ ಬಂದರಿನಲ್ಲಿ ಅಧಿಕಾರಿಗಳು ಜಪ್ತಿ ಮಾಡಿಟ್ಟಿದ್ದ ಲಕ್ಷಾಂತರ ಟನ್ ಅದಿರು ಹಡಗು ಹತ್ತಿ ಹೋಗಿತ್ತು. ಜಪ್ತಿಯಾದ ಮಾಲನ್ನೂ ಬಿಡದಷ್ಟು ಆಸೆ! ಈ ಒಂದು ಘಟನೆ ನೆನಪಿಟ್ಟುಕೊಳ್ಳಿ, ಉತ್ತರದಲ್ಲಿ ಉಪಯೋಗಕ್ಕೆ ಬರುತ್ತದೆ.

ಶೇಕಡಾ ಹತ್ತು ಮತ್ತು ಹದಿನೈದು

ಸಾಮಾಜಿಕ ಹೋರಾಟಗಾರ ಎಸ್.ಆರ್. ಹಿರೇಮಠ ಅವರ ಸಂಘಟನೆ ಸಮಾಜ ಪರಿವರ್ತನ ಸಮುದಾಯ ಈ ಅಕ್ರಮ ಗಣಿಗಾರಿಕೆಯ ವಿರುದ್ಧ 2009ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. 2011ರ ಜುಲೈ 29ರಂದು ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಮುಂದಿನ ತಿಂಗಳು ಚಿತ್ರದುರ್ಗ ಮತ್ತು ತುಮಕೂರಿಗೂ ಅದೇ ಆದೇಶ ಬಂತು.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಆಮೇಲೆ ನಡೆದ ವಿಂಗಡಣೆ. ಪ್ರತಿ ಗುತ್ತಿಗೆಯನ್ನೂ ಅಳೆದು ಎ, ಬಿ, ಸಿ ಎಂದು ಮೂರು ಗುಂಪು ಮಾಡಿದರು. ಅಕ್ರಮ ಇಲ್ಲದ ಅಥವಾ ತೀರಾ ಅಲ್ಪವಾಗಿದ್ದ ಗಣಿಗಳು ಎ. ಗುತ್ತಿಗೆ ಜಾಗದ ಶೇ 10ರವರೆಗೆ ಹೊರಗೆ ಅಗೆದವರು, ಶೇ 15ರವರೆಗೆ ಹೊರಗೆ ಮಣ್ಣು ಸುರಿದವರು ಬಿ. ಅದನ್ನೂ ಮೀರಿದವರು ಸಿ. ಮೊದಲ ಪಟ್ಟಿಯಲ್ಲಿ ಎ ಗುಂಪಿಗೆ 45, ಬಿ ಗುಂಪಿಗೆ 72, ಸಿ ಗುಂಪಿಗೆ 49 ಗುತ್ತಿಗೆಗಳು ಬಂದವು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸಿ ಗುಂಪಿನ ಗುತ್ತಿಗೆಗಳು ರದ್ದಾದವು. ಬಿ ಗುಂಪಿನವರು ದಂಡ ಕಟ್ಟಿ, ಕೆಡಿಸಿದ ಜಾಗ ಸರಿಪಡಿಸುವ ಯೋಜನೆ ಒಪ್ಪಿಕೊಂಡು ಮತ್ತೆ ಕೆಲಸ ಶುರು ಮಾಡಬಹುದಿತ್ತು.

ಈ ವಿಂಗಡಣೆಯಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದು ವಿಷಯ. ಯಾರು ಎಷ್ಟು ಹಣ ಮಾಡಿದರು ಎಂಬುದು ಇಲ್ಲಿ ಅಳತೆಗೋಲಾಗಲಿಲ್ಲ. ಎ ಗುಂಪಿನಲ್ಲಿ ತುಂಬಾ ದೊಡ್ಡ ಗಣಿ ಇರಬಹುದು, ಸಿ ಗುಂಪಿನಲ್ಲಿ ಸಣ್ಣದು ಇರಬಹುದು. ತನ್ನ ಗಡಿಯೊಳಗೆ ಎಷ್ಟು ದುಡಿದರೂ ಎ. ಗಡಿಯಾಚೆ ಹೋದರೆ ಎಷ್ಟು ದೂರ ಹೋದೆ ಅಂತ ಅಳತೆ. ದುರಾಸೆಗೂ ಆಕಾಂಕ್ಷೆಗೂ ನಡುವಿನ ಗೆರೆಯನ್ನು ಯಾವ ಪಠ್ಯಪುಸ್ತಕವೂ ಇಷ್ಟು ಸ್ಪಷ್ಟವಾಗಿ ಎಳೆದಿದ್ದನ್ನು ನಾನು ನೋಡಿಲ್ಲ.

ಇನ್ನು ಬೆಲೆ ಕೊಟ್ಟವರು ಯಾರು? ಹತ್ತಿ, ಜೋಳದ ಹೊಲಗಳ ಮೇಲೆ ಕೆಂಪು ಧೂಳು ಕೂತಿತು. ಕೆರೆಗಳಿಗೆ ಹೂಳು ಹರಿಯಿತು. ರಸ್ತೆಗಳು ಹಾಳಾದವು. ಧೂಳು ಉಸಿರಾಡಿದವರಿಗೆ ಯಾವ ಗಣಿಯಲ್ಲೂ ಪಾಲಿರಲಿಲ್ಲ. ಲಾಭ ಒಬ್ಬರ ಕಡೆ, ಖರ್ಚು ಇನ್ನೊಬ್ಬರ ಕಡೆ. ದುರಾಸೆಯನ್ನು ಗುರುತಿಸಲು ಇದಕ್ಕಿಂತ ಒಳ್ಳೆಯ ಗುರುತು ಬೇಡ.

ಭದ್ರಾವತಿಯ ಕಬ್ಬಿಣ

ಹೋಲಿಕೆಗೆ ಇನ್ನೊಂದು ಕಬ್ಬಿಣದ ಕಥೆಯನ್ನೇ ತೆಗೆದುಕೊಳ್ಳೋಣ. ಸರ್ ಎಂ. ವಿಶ್ವೇಶ್ವರಯ್ಯ 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. ಒಂದು ಸಂಸ್ಥಾನ ತನ್ನದೇ ಕಬ್ಬಿಣದ ಕಾರ್ಖಾನೆ ಕಟ್ಟುವುದು ಆ ಕಾಲಕ್ಕೆ ದೊಡ್ಡ ಮಾತು. ಕೆಮ್ಮಣ್ಣುಗುಂಡಿಯ ಅದಿರು ನಂಬಿ ಭದ್ರಾವತಿಯಲ್ಲಿ ಕಾರ್ಖಾನೆ ಏರ್ಪಾಡಾಯಿತು, 1923ರಲ್ಲಿ ಕಬ್ಬಿಣ ಬಂತು. ಶುರುವಿನಲ್ಲೇ ಬೆಲೆ ಕುಸಿದು ನಷ್ಟವಾದಾಗ, ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರೇ ಮತ್ತೆ ಬಂದು ಅದರ ಹೊಣೆ ಹೊತ್ತರು. ಗಾತ್ರದಲ್ಲಿ ನೋಡಿದರೆ ಈ ಬಯಕೆ ಯಾವ ಗಣಿ ಮಾಲೀಕನ ಬಯಕೆಗೂ ಕಡಿಮೆಯದಲ್ಲ. ಆದರೆ ಖರ್ಚು ವೆಚ್ಚವೆಲ್ಲ ಸಂಸ್ಥಾನದ ಲೆಕ್ಕದಲ್ಲಿತ್ತು. ತಪ್ಪಾದರೆ ಬೈಸಿಕೊಳ್ಳುವವರು ಎದುರಿಗೇ ಇದ್ದರು, ಬೈಸಿಕೊಂಡರು ಕೂಡ.

ಆಕಾಂಕ್ಷೆ ಅಂದ ಮಾತ್ರಕ್ಕೆ ಅದರಿಂದ ಹಾನಿಯೇ ಇಲ್ಲ ಅಂತ ಬರೆಯಬೇಡಿ. ಭದ್ರಾವತಿಯ ಕುಲುಮೆ ಉರಿದದ್ದು ಮಲೆನಾಡಿನ ಮರ ಸುಟ್ಟು ಮಾಡಿದ ಇದ್ದಿಲಿನಿಂದ. ಕಾಡು ಅದಕ್ಕೆ ಬೆಲೆ ಕೊಟ್ಟಿತು. ಆ ಬೆಲೆಯ ಬಗ್ಗೆ ಕೇಳುವ ಹಕ್ಕು ನಮಗೆ ಇವತ್ತಿಗೂ ಇದೆ. ಅಲ್ಲಿ ಕೇಳಬಹುದಿತ್ತು, ಲೆಕ್ಕ ಸಿಗುತ್ತಿತ್ತು. ‘ಜೀರೋ ರಿಸ್ಕ್’ ಲಾರಿಯ ಲೆಕ್ಕ ಯಾರಿಗೂ ಸಿಗಬಾರದು ಎಂಬುದೇ ಅದರ ಉದ್ದೇಶವಾಗಿತ್ತು.

ಲಕ್ಕಮ್ಮನ ಅಕ್ಕಿ

ಶರಣರ ಉದಾಹರಣೆ ಕೊಡಬೇಕು ಅನ್ನಿಸಿದರೆ ಆಯ್ದಕ್ಕಿ ಲಕ್ಕಮ್ಮನನ್ನು ಬಿಡಬೇಡಿ. 12ನೇ ಶತಮಾನದ ಕಲ್ಯಾಣದಲ್ಲಿ ಅವಳ ಗಂಡ ಮಾರಯ್ಯ ಬಸವಣ್ಣನವರ ಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಜಾಸ್ತಿ ತಂದ. ಇಷ್ಟೊಂದು ನಮಗೇಕೆ, ಹೆಚ್ಚಿಗೆ ತಂದದ್ದನ್ನು ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ಕಳಿಸಿದಳು.

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿ ‘ಇದ್ದುದರಲ್ಲಿ ತೃಪ್ತಿ ಪಡಬೇಕು’ ಅಂತ ಮುಗಿಸುವವರು ಬಹಳ. ಅದು ಅರ್ಧ ಕಥೆ. ಗಂಡ ಕಾಯಕ ಮರೆತು ಕೂತಾಗ ಎಬ್ಬಿಸಿ ಕೆಲಸಕ್ಕೆ ಕಳಿಸಿದವಳೂ ಅವಳೇ. ಅಷ್ಟೇ ಅಲ್ಲ, ಆ ಆಯ್ದ ಅಕ್ಕಿಯಲ್ಲೇ ಬಸವಣ್ಣನವರನ್ನೂ ಕಲ್ಯಾಣದ ಜಂಗಮರೆಲ್ಲರನ್ನೂ ದಾಸೋಹಕ್ಕೆ ಕರೆದವಳು ಎಂದು ಶರಣರ ಕಥೆಗಳು ಹೇಳುತ್ತವೆ. ಒಂದು ಹಿಡಿ ಹೆಚ್ಚಿಗೆ ಅಕ್ಕಿ ಬೇಡ ಅಂದವಳಿಗೆ ಊರಿಗೆಲ್ಲ ಉಣಿಸುವ ಹಂಬಲ! ಕರ್ನಾಟಕದಲ್ಲಿ ಇದಕ್ಕಿಂತ ದೊಡ್ಡ ಆಕಾಂಕ್ಷೆ ಯಾರಿಗಿತ್ತು? ಬಡವರಿಗೆ ತೃಪ್ತಿಯ ಪಾಠ ಹೇಳಲು ಅವಳ ಹೆಸರು ಬಳಸುವುದು ನನಗೆ ತುಂಬಾ ಬೇಸರ ತರುತ್ತದೆ.

ಮನಶ್ಶಾಸ್ತ್ರದಿಂದ ಸ್ವಲ್ಪ

ಹೆಚ್ಚು ಬೇಡ, ಎರಡು ಸಂಗತಿ ಸಾಕು. ನೆದರ್‌ಲ್ಯಾಂಡ್ಸ್‌ನ ಟಿಲ್ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ದುರಾಸೆಯನ್ನು ಅಳೆಯುವ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಅವರ ಪ್ರಕಾರ ದುರಾಸೆಯಲ್ಲಿ ಎರಡು ಅಂಶ ಸೇರಿವೆ: ಇನ್ನೂ ಬೇಕು ಎಂಬ ಬಯಕೆ, ಎಷ್ಟು ಸಿಕ್ಕರೂ ಸಾಕಾಗದ ಅಸಮಾಧಾನ. ಎರಡನೆಯದನ್ನು ಮರೆಯಬೇಡಿ. ಆಕಾಂಕ್ಷೆ ಇರುವವನಿಗೂ ಮೊದಲನೆಯದು ಇರುತ್ತದೆ. ಆದರೆ ಅವನು ಗುರಿ ಮುಟ್ಟಿದಾಗ ಖುಷಿಪಡುತ್ತಾನೆ, ಆಮೇಲೆ ಹೊಸ ಗುರಿ ಹುಡುಕುತ್ತಾನೆ.

ಇನ್ನೊಂದು, 2012ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನ. 1920ರ ದಶಕದಿಂದ ಗಮನಿಸುತ್ತಾ ಬಂದ ಜನರ ಮಾಹಿತಿ ಅದರಲ್ಲಿದೆ. ಆಕಾಂಕ್ಷೆ ಹೆಚ್ಚಿದ್ದವರು ಹೆಚ್ಚು ಓದಿದರು, ಒಳ್ಳೆಯ ಕೆಲಸ ಹಿಡಿದರು, ಜಾಸ್ತಿ ಸಂಪಾದಿಸಿದರು. ಬದುಕಿನ ನೆಮ್ಮದಿ ಮಾತ್ರ ಅದೇ ಪ್ರಮಾಣದಲ್ಲಿ ಹೆಚ್ಚಲಿಲ್ಲ. ಆಕಾಂಕ್ಷೆಯನ್ನು ಹೊಗಳುವಾಗ ಇದನ್ನೂ ಒಂದು ಸಾಲಿನಲ್ಲಿ ಹೇಳಿದರೆ ಉತ್ತರ ಪ್ರಾಮಾಣಿಕವಾಗಿರುತ್ತದೆ.

ಲಾರಿ ಮಾಲೀಕ ದುರಾಸೆಯವನೇ?

ಇದು ಪರೀಕ್ಷೆಯಲ್ಲಿ ಕೇಳಬಹುದಾದ ಕಷ್ಟದ ಪ್ರಶ್ನೆ. ಸುಗ್ಗಿಯ ಕಾಲದಲ್ಲಿ ಸಾಲ ಮಾಡಿ ಲಾರಿ ಕೊಂಡವರಿದ್ದರು. ಮಳೆ ಇಲ್ಲದ ಹೊಲವನ್ನು ಅದಿರು ರಾಶಿ ಹಾಕಲು ಬಾಡಿಗೆಗೆ ಕೊಟ್ಟ ರೈತರಿದ್ದರು. 2011ರಲ್ಲಿ ಗಣಿ ನಿಂತಾಗ ಕಂತು ಕಟ್ಟಲಾಗದೆ ಒದ್ದಾಡಿದವರು ಇವರೇ. ಎಲ್ಲರನ್ನೂ ಸುಮ್ನೆ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ ಅಲ್ವಾ?

ನಾನು ಹೀಗೆ ಯೋಚಿಸುತ್ತೇನೆ. ಲಾರಿ ಕೊಂಡಿದ್ದು ಆಕಾಂಕ್ಷೆ. ಪರ್ಮಿಟ್‌ಗಿಂತ ಜಾಸ್ತಿ ತುಂಬಿ ಓಡಿಸಿದ್ದು ತಪ್ಪು. ಆದರೆ ಓವರ್‌ಲೋಡ್ ಮಾಡದವನಿಗೆ ಬಾಡಿಗೆಯೇ ಸಿಗದಂಥ ವ್ಯವಸ್ಥೆಯನ್ನು ಕಟ್ಟಿದವರು ಬೇರೆ. ದುರಾಸೆ ವ್ಯವಸ್ಥೆಯಾಗಿ ಬೆಳೆದಾಗ ಅದು ಆಕಾಂಕ್ಷೆ ಇರುವ ಸಾಮಾನ್ಯ ಜನರನ್ನೂ ಎಳೆದುಕೊಳ್ಳುತ್ತದೆ. ಆದ್ದರಿಂದ ಉತ್ತರದಲ್ಲಿ ವ್ಯಕ್ತಿಯ ಗುಣದ ಬಗ್ಗೆ ಮಾತ್ರ ಬರೆದರೆ ಸಾಲದು. 27 ರೂಪಾಯಿ ರಾಜಧನದ ನಿಯಮ, ತೂಕ ನೋಡದ ಚೆಕ್‌ಪೋಸ್ಟ್, ಕಣ್ಣು ಮುಚ್ಚಿದ ಇಲಾಖೆಗಳ ಬಗ್ಗೆಯೂ ಬರೆಯಿರಿ. ಆಡಳಿತಕ್ಕೆ ಹೋಗಬೇಕು ಎಂದುಕೊಂಡವರಿಗೆ ಮುಖ್ಯ ಭಾಗ ಇದೇ. ಮುಂದೆ ಆ ಚೆಕ್‌ಪೋಸ್ಟ್ ನಮ್ಮ ಕೈಯಲ್ಲೇ ಇರುತ್ತದೆ.

ಅಭ್ಯಾಸಕ್ಕೆ ಒಂದು ಪ್ರಶ್ನೆ. ಗಣಿಗಾರಿಕೆ ಮತ್ತೆ ಶುರುವಾದಾಗ ಸುಪ್ರೀಂ ಕೋರ್ಟ್ ವರ್ಷಕ್ಕೆ ಇಷ್ಟೇ ಅದಿರು ತೆಗೆಯಬೇಕು ಎಂಬ ಮಿತಿ ಹಾಕಿತ್ತು. 2022ರ ಆಗಸ್ಟ್‌ನಲ್ಲಿ ಬಳ್ಳಾರಿಯ ಮಿತಿಯನ್ನು 2.8 ಕೋಟಿ ಟನ್‌ನಿಂದ 3.5 ಕೋಟಿ ಟನ್‌ಗೆ, ಚಿತ್ರದುರ್ಗ ಮತ್ತು ತುಮಕೂರಿನದ್ದನ್ನು 70 ಲಕ್ಷದಿಂದ 1.5 ಕೋಟಿ ಟನ್‌ಗೆ ಏರಿಸಿತು. ಇಲ್ಲಿ ಗಡಿಯನ್ನು ಸರಿಸಿದ್ದು ಕದ್ದು ಮುಚ್ಚಿ ಅಲ್ಲ, ಕೋರ್ಟಿನಲ್ಲಿ ಎಲ್ಲರೆದುರು ವಾದ ಕೇಳಿ. ಹಾಗಿದ್ದರೆ ಎರಡನೇ ಪ್ರಶ್ನೆಗೆ ಏನು ಉತ್ತರ, ಹೆಚ್ಚಿದ ಅದಿರಿನ ಬೆಲೆಯನ್ನು ಯಾರು ಕೊಡುತ್ತಾರೆ? ಸಂಡೂರಿನ ರೈತ, ಉಕ್ಕಿನ ಕಾರ್ಖಾನೆ, ಗಣಿ ಕಾರ್ಮಿಕ, ಈ ಮೂವರ ಕಡೆಯಿಂದಲೂ 250 ಪದಗಳಲ್ಲಿ ಬರೆದು ನೋಡಿ.